ಅರ್ಧಕ್ಕೆ ನಿಂತ ಹಿಡಿಕೆ

ನಾನು ಒಂದು ಲೆಕ್ಕದ ಯಂತ್ರ. ನನಗೆ ಕರೆಂಟು ಬೇಡ, ಬ್ಯಾಟರಿ ಬೇಡ. ಬಲಗಡೆಗೆ ಒಂದು ಹಿಡಿಕೆ ಇದೆ. ಮುಂದಕ್ಕೆ ತಿರುಗಿಸಿದರೆ ಕೂಡುತ್ತೇನೆ, ಹಿಂದಕ್ಕೆ ತಿರುಗಿಸಿದರೆ ಕಳೆಯುತ್ತೇನೆ. ಹಿಮ ಬೀಳುವ ದೂರದ ದೇಶವೊಂದರ ಕಾರ್ಖಾನೆಯಲ್ಲಿ ನನ್ನ ಹೊಟ್ಟೆಯೊಳಗೆ ಹಿತ್ತಾಳೆಯ ಹಲ್ಲುಚಕ್ರಗಳನ್ನು ಪೋಣಿಸಿ, ಕಪ್ಪು ಬಣ್ಣ ಬಳಿದು, ಹಡಗು ಹತ್ತಿಸಿದರು.

ಹುಟ್ಟಿದಾಗಿನಿಂದಲೂ ನಾನು ಅಂಜುಬುರುಕ. ಯಂತ್ರಕ್ಕೆಂಥ ಅಂಜಿಕೆ ಎಂದು ನಗಬೇಡಿ. ಮನುಷ್ಯರು ಲೆಕ್ಕ ತಪ್ಪಿದರೆ "ಅಯ್ಯೋ, ಮರೆತೆ" ಎಂದು ತಲೆ ಕೆರೆದುಕೊಂಡು ಮನೆಗೆ ಹೋಗಿ ಊಟ ಮಾಡುತ್ತಾರೆ. ನಾನು ತಪ್ಪಿದರೆ ಸುತ್ತಿಗೆಯಿಂದ ಒಡೆದು, ಹಿತ್ತಾಳೆ ಬೇರೆ ಕಬ್ಬಿಣ ಬೇರೆ ಮಾಡಿ ತೂಕಕ್ಕೆ ಹಾಕುತ್ತಾರೆ. ಈ ಭಯ ನನ್ನನ್ನು ಒಂದು ದಿನವೂ ಬಿಟ್ಟದ್ದಿಲ್ಲ.

ಮೊದಲು ನಾನಿದ್ದದ್ದು ಮುಂಬಯಿಯ ಒಂದು ವಿಮಾ ಕಚೇರಿಯಲ್ಲಿ. ಯಾವ ವಯಸ್ಸಿನವರು ಎಷ್ಟು ಮಂದಿ ಸಾಯುತ್ತಾರೆ ಎಂದು ಅಲ್ಲಿನ ಗುಮಾಸ್ತರು ನನ್ನಿಂದ ಲೆಕ್ಕ ಹಾಕಿಸುತ್ತಿದ್ದರು. ಆಮೇಲೆ ನನ್ನ ಬೆನ್ನ ಮೇಲೆಯೇ ಚಹಾದ ಕಪ್ಪು ಇಟ್ಟು ಕ್ರಿಕೆಟ್ಟಿನ ಮಾತು! ಕೆಲವು ವರ್ಷಗಳ ಮೇಲೆ ಕರೆಂಟಿನ ಯಂತ್ರಗಳು ಬಂದವು. ನನ್ನನ್ನು ಅಗ್ಗಕ್ಕೆ ಮಾರಿದರು. ಹಾಗೆ ನಾನು ಕರ್ನಾಟಕದ ಉತ್ತರದ ಒಂದು ವಿಶ್ವವಿದ್ಯಾಲಯಕ್ಕೆ ಬಂದೆ. ಅದರ ಹೆಸರು ಹೇಳುವುದಿಲ್ಲ. ಹೇಳಿದರೆ ಇನ್ನೊಮ್ಮೆ ಗುಜರಿಗೆ ಹಾಕಿಯಾರು ಎಂಬ ಹೆದರಿಕೆ.

ಸಮಾಜಶಾಸ್ತ್ರ ವಿಭಾಗಕ್ಕೆ ಲೆಕ್ಕದ ಯಂತ್ರ ಬಂದದ್ದು ನೋಡಿ ಅಲ್ಲಿನವರೆಲ್ಲ ನಕ್ಕರು. ಜಾತಿ, ಮದುವೆ, ಜಾತ್ರೆ ಎಂದು ಪಾಠ ಹೇಳುವವರಿಗೆ ಇದೇಕೆ ಎಂದು ಅವರ ಮಾತು. ನಗದೇ ಇದ್ದವರು ಇಂದುಮತಿ ಕಲಕೇರಿ ಒಬ್ಬರೇ. ಬಡಕಲು ಮೈಯ, ಬೆರಳಿಗೆ ಸದಾ ಮಸಿ ಮೆತ್ತಿಕೊಂಡ ಹೆಂಗಸು. ಹಂಗಾಮಿ ಉಪನ್ಯಾಸಕಿ. ಪ್ರತಿ ಜೂನ್ ತಿಂಗಳಲ್ಲಿ ವಿಭಾಗದ ಮುಖ್ಯಸ್ಥರು ಸಹಿ ಹಾಕಿದರೆ ಮುಂದಿನ ವರ್ಷದ ಕೆಲಸ, ಇಲ್ಲದಿದ್ದರೆ ಮನೆ. ಮನೆಯಲ್ಲಿ ತಾಯಿ ಮತ್ತು ಓದುವ ತಮ್ಮ, ಇಬ್ಬರೂ ಆಕೆಯ ಸಂಬಳವನ್ನೇ ನಂಬಿದ್ದರು.

ಒಂದು ಓಣಿಯ ಮನಸ್ಸು ತಿಳಿಯಲು ಎಲ್ಲ ಮನೆಗೂ ಹೋಗಬೇಕಿಲ್ಲ, ಚೀಟಿ ಎತ್ತಿದ ಹಾಗೆ ಕೆಲವು ಮನೆ ಆರಿಸಿ ಕೇಳಿದರೆ ಸಾಕು ಎಂದು ಆಕೆ ಪಾಠ ಹೇಳುತ್ತಿದ್ದರು. "ಅನ್ನ ಬೆಂದದೋ ಇಲ್ಲೋ ನೋಡಾಕ ಒಂದು ಅಗಳು ಹಿಚುಕಿದ್ರ ಸಾಕು. ಆದ್ರ ಆ ಅಗಳು ನಮ್ಮ ಗಡಿಗಿ ಒಳಗಿಂದ ಬರಬೇಕು, ಬಾಜೂ ಮನಿದಲ್ಲ" ಎನ್ನುತ್ತಿದ್ದರು. ಒಬ್ಬರೇ ಇದ್ದಾಗ ನನ್ನ ಜೊತೆ ಮಾತು. "ತಪ್ಪಬ್ಯಾಡ ಮಾರಾಯ, ನೀ ತಪ್ಪಿದ್ರ ನಂದೂ ಹೋತು" ಎಂದು ಹಿಡಿಕೆಗೆ ಕೈ ಹಾಕುತ್ತಿದ್ದರು. ನನಗೆ ಸಂತೋಷ ಪಡಬೇಕೋ ನಡುಗಬೇಕೋ ತಿಳಿಯುತ್ತಿರಲಿಲ್ಲ.

ಆ ಊರಿನ ಕೆರೆಯ ದಂಡೆಗೆ ಕಲ್ಕುಟಿಗರ ಓಣಿ ಎಂಬುದೊಂದಿತ್ತು. ಕಲ್ಲು ಒಡೆಯುವವರ ಗುಡಿಸಲುಗಳು. ಅವರನ್ನು ಊರಾಚೆಯ ನೀರಿಲ್ಲದ ಬಯಲಿಗೆ ಕಳಿಸಬೇಕೆಂದು ನಗರಸಭೆಯ ಆಲೋಚನೆ. ಅದಕ್ಕೆ ಓಣಿಯ ಜನರ ಒಪ್ಪಿಗೆ ಇದೆಯೇ ನೋಡಿ ಹೇಳಿ ಎಂದು ನಮ್ಮ ವಿಭಾಗವನ್ನು ಕೇಳಿದರು. ಮುಖ್ಯಸ್ಥ ನಾಡಗೇರ ಸರ್ ಕೆಲಸ ಒಪ್ಪಿಕೊಂಡರು. ಮನೆಮನೆಗೆ ಹೋಗಿ ಕೇಳುವ ಕೆಲಸವನ್ನು ತಮ್ಮ ಅಳಿಯ ವಿಲಾಸನಿಗೆ ಕೊಟ್ಟರು. ಲೆಕ್ಕ ಮಾಡುವುದು ಇಂದುಮತಿಯವರ ಪಾಲಿಗೆ ಬಂತು.

ವಿಲಾಸ ಬಲು ಬೇಗ ಬರೆದ ಕಾಗದಗಳ ಕಟ್ಟು ತಂದಿಟ್ಟ. ಇಸ್ತ್ರಿ ಮಾಡಿದ ಅಂಗಿಯ ಮೇಲೆ ಒಂದು ಚೂರು ಧೂಳಿರಲಿಲ್ಲ. ಮೊದಲು ಒಪ್ಪಿಗೆಯ ಲೆಕ್ಕ ನಡೆಯಿತು. ಬಹುತೇಕ ಎಲ್ಲರೂ ಹೋಗಲು ತಯಾರು! ಆಮೇಲೆ ವಯಸ್ಸಿನ ಲೆಕ್ಕ, ಯಾವ ವಯಸ್ಸಿನವರು ಎಷ್ಟು ಮಂದಿ ಎಂದು. ಅದು ಮುಗಿಯುವ ಹೊತ್ತಿಗೆ ಇಂದುಮತಿಯವರ ಕೈ ನಿಧಾನವಾಯಿತು. ಇನ್ನೊಮ್ಮೆ ತಿರುಗಿಸಿದರು. ಮತ್ತೆ ಅದೇ ಉತ್ತರ.

ವಿಷಯ ಇಷ್ಟೇ. ನಮ್ಮ ಜನರನ್ನು ವಯಸ್ಸು ಕೇಳಿದರೆ ನಲವತ್ತು ಎನ್ನುತ್ತಾರೆ, ಐವತ್ತು ಎನ್ನುತ್ತಾರೆ, ಹೆಚ್ಚೆಂದರೆ ನಲವತ್ತೈದು. ಹುಟ್ಟಿದ ತಾರೀಖು ಬರೆದಿಟ್ಟವರು ಯಾರು? ಆಕೆ ಎಲ್ಲಿ ಸಮೀಕ್ಷೆ ಮಾಡಿದರೂ ಹತ್ತರ ಮೇಲೆ, ಐದರ ಮೇಲೆ ಜನ ಗುಂಪುಗಟ್ಟಿ ನಿಲ್ಲುತ್ತಿದ್ದರು. ಈ ಕಾಗದಗಳಲ್ಲಿ ಹಾಗಿರಲಿಲ್ಲ. ಮೂವತ್ತೇಳು, ನಲವತ್ತೆರಡು, ಐವತ್ತಾರು, ಎಲ್ಲ ಕಡೆಗೂ ಸಮನಾಗಿ ಚೆಲ್ಲಿಕೊಂಡಿದ್ದರು. ಸುಳ್ಳು ಬರೆಯುವವನಿಗೆ ಸೊನ್ನೆ ಎಂದರೆ ಭಯ. ಸೊನ್ನೆ ಹಾಕಿದರೆ ಸುಳ್ಳೆಂದು ತಿಳಿದೀತು ಎಂದು ಅವನು ದೂರ ಸರಿಯುತ್ತಾನೆ.

ಮರುದಿನ ಇಂದುಮತಿ ತಾವೇ ಓಣಿಗೆ ಹೋದರು. ಸಂಜೆ ತಿರುಗಿ ಬಂದರು. ಕಿಟಕಿ ಮುಚ್ಚುತ್ತಿದ್ದ ಜವಾನ ಹುಸೇನಸಾಬನಿಗೆ ಮೆಲ್ಲಗೆ ಹೇಳಿದರು:

"ಹುಸೇನಸಾಬ, ಅಲ್ಲಿಗೆ ಯಾರೂ ಹೋಗೇ ಇಲ್ಲ. ಎಲ್ಲಿಗೆ ಕಳಸ್ತಾರಂತ ಆ ಮಂದಿಗೆ ಗೊತ್ತೂ ಇಲ್ಲ."

"ಬಿಡ್ರಿ ಅಕ್ಕಾರ, ದೊಡ್ಡವರ ಉಸಾಬರಿ ನಮಗ್ಯಾಕ?" ಹುಸೇನಸಾಬ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಜೂನ್ ಹತ್ರ ಬಂತು. ನಿಮ್ಮ ಆರ್ಡರಿಗೆ ಇನ್ನೂ ಸಹಿ ಆಗಬೇಕು."

ಮರುದಿನ ಇಂದುಮತಿ ವಿಷಯ ತಿಳಿಸಿದ್ದೇ ತಡ, ನಾಡಗೇರ ಸರ್ ನಮ್ಮ ಕೋಣೆಗೇ ಬಂದರು. ಅವರು ದನಿ ಎತ್ತುವವರಲ್ಲ. ಅದೇ ಹೆಚ್ಚು ಭಯ ಹುಟ್ಟಿಸುತ್ತಿತ್ತು.

"ವಯಸ್ಸು ತೊಗೊಂಡು ಏನು ಮಾಡ್ತೀ ತಂಗಿ? ಯಂತ್ರ ಹಳೇದು, ತಪ್ಪಿರಬೇಕು. ನಾಳೆ ನಗರಸಭೆ ಕಮಿಷನರ್ ಸಾಹೇಬ್ರು ಬರ್ತಾರ. ಯಂತ್ರ ಕೆಟ್ಟಿತ್ತು, ವಯಸ್ಸಿನ ಲೆಕ್ಕ ಬಿಟ್ಟೀವಿ ಅಂತ ಹೇಳು. ಮುಗೀತು." ಹೊರಡುವಾಗ ಬಾಗಿಲಲ್ಲಿ ನಿಂತು, "ನಿನ್ನ ಫೈಲು ನನ್ನ ಟೇಬಲ್ ಮ್ಯಾಲೇ ಅದ" ಎಂದರು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ! ನಾನು ತಪ್ಪಿದೆನೇ? ಅಳಿಯ ಓಣಿಗೆ ಹೋಗದೆ ಎಲ್ಲೋ ಕೂತು ಬರೆದದ್ದಕ್ಕೆ ಸುತ್ತಿಗೆ ನನ್ನ ತಲೆಯ ಮೇಲೆಯೇ? ಆಕೆ "ಹೂಂ" ಎಂದರೆ ನಾನು ಗುಜರಿಗೆ, ಓಣಿ ಬಯಲಿಗೆ. "ಊಹೂಂ" ಎಂದರೆ ಆಕೆಯ ಮನೆಯ ಒಲೆ ಆರುತ್ತದೆ. ಇಂದುಮತಿ ನನ್ನ ಮೇಲೆ ಹಣೆ ಇಟ್ಟುಕೊಂಡು ಕೂತರು. ಕೊನೆಗೆ, "ನಂಗ ಮಾತಾಡೂ ಧೈರ್ಯ ಇಲ್ಲೋ ಮಾರಾಯ. ನಾಳೆ ಎಲ್ಲಾರ ಮುಂದ ಲೆಕ್ಕ ಮಾಡಿ ತೋರಸ್ತೀನಿ. ನೀನ ಹೇಳು, ನಾ ಸುಮ್ಮ ಕೂಡ್ತೀನಿ" ಎಂದರು. ಆ ಭಾರ ಹೊತ್ತು ನಾನು ಬೆಳಗು ಮಾಡಿದೆ.

ಸಭೆ ಸೇರಿತು. ಮೇಜಿನ ಆ ತುದಿಗೆ ಕಮಿಷನರ್, ಪಕ್ಕದಲ್ಲಿ ನಾಡಗೇರ ಸರ್, ಅವರ ಹಿಂದೆ ವಿಲಾಸ, ನಗರಸಭೆಯ ನಾಲ್ಕಾರು ಮಂದಿ. ಇಂದುಮತಿ ನನ್ನನ್ನು ಮುಂದಕ್ಕೆ ಎಳೆದುಕೊಂಡು, "ವಯಸ್ಸಿಂದು ಒಂದು ಲೆಕ್ಕ ತೋರಸ್ತೀನ್ರಿ" ಎಂದು ಹಿಡಿಕೆ ಮುಟ್ಟಿದರು.

"ತಡಿ ತಡಿ, ಅದು ಕೆಟ್ಟದ. ನಾನ ತೋರಸ್ತೀನಿ" ಎಂದು ನಾಡಗೇರ ಸರ್ ಎದ್ದು ಬಂದು ಹಿಡಿಕೆ ಕಸಿದುಕೊಂಡರು. ಇಷ್ಟು ವರ್ಷ ನನ್ನನ್ನು ಮುಟ್ಟಿಯೂ ನೋಡದ ಕೈ ಅದು. ನನ್ನದೊಂದು ಕಟ್ಟಳೆ ಇದೆ: ಸುತ್ತು ಶುರುವಾದರೆ ಪೂರ್ತಿ ಆಗಲೇಬೇಕು. ನಡುವೆ ಮನಸ್ಸು ಬದಲಿಸಿ ಹಿಂದಕ್ಕೆಳೆದರೆ ಹಲ್ಲಿಗೆ ಹಲ್ಲು ಕಚ್ಚಿಕೊಳ್ಳುತ್ತದೆ. ಅವರು ಅರ್ಧ ತಿರುಗಿಸಿದರು, ಎಲ್ಲಿ ಸರಿಯುತ್ತರವೇ ಬಂದೀತೋ ಎಂದು ಅನುಮಾನ ಬಂತು, ಬಲವಾಗಿ ಹಿಂದಕ್ಕೆ ಎಳೆದರು. ಖಟಕ್! ನಾನು ನಿಂತುಬಿಟ್ಟೆ.

"ನೋಡ್ರಿ, ನಾ ಹೇಳಲಿಲ್ಲ?" ಎಂದರು. ಎಲ್ಲರೂ ನಕ್ಕರು. ನಾನು ಒಳಗೊಳಗೇ ಒದ್ದಾಡಿದೆ, ಒಂದು ಹಲ್ಲೂ ಅಲುಗಲಿಲ್ಲ. ನಂಬಿದವಳನ್ನು ನಡುನೀರಿನಲ್ಲಿ ಕೈಬಿಟ್ಟೆನಲ್ಲಾ! ಕಮಿಷನರ್ ವರದಿಯನ್ನು ಹತ್ತಿರಕ್ಕೆ ಎಳೆದುಕೊಂಡು ಪೆನ್ನಿನ ಟೊಪ್ಪಿಗೆ ತೆಗೆದರು.

ಆಗ ಇಂದುಮತಿ ಎದ್ದು ನಿಂತರು. ವಿಲಾಸ ತಂದ ಕಾಗದಗಳ ಕಟ್ಟನ್ನು ಕಮಿಷನರ್ ಮುಂದಕ್ಕೆ ಸರಿಸಿದರು.

"ಸಾಹೇಬ್ರ, ತಮ್ಮ ತಾಯಿಯವರಿಗೆ ವಯಸ್ಸೆಷ್ಟ್ರಿ?"

ಕಮಿಷನರ್ ಮೈಸೂರು ಕಡೆಯವರು. ಕಣ್ಣು ಬಿಟ್ಟರು. "ಎಪ್ಪತ್ತಿರಬೇಕು. ಅರವತ್ತೈದೋ ಎಪ್ಪತ್ತೋ. ಪ್ಲೇಗ್ ಬಂದ ವರ್ಷ ಹುಟ್ಟಿದ್ದು ಅಂತಾರೆ. ಯಾಕಮ್ಮಾ?"

"ಎಲ್ಲಾರ ತಾಯಂದಿರೂ ಹಂಗೇ ರೀ. ಆದ್ರ ಈ ಕಾಗದದಾಗಿನ ಮುದುಕಿಯರನ್ನ ನೋಡ್ರಿ. ಒಬ್ಬಾಕಿಗೆ ಅರವತ್ಮೂರು, ಒಬ್ಬಾಕಿಗೆ ಎಪ್ಪತ್ತೊಂದು. ಎಪ್ಪತ್ತು ಅಂದಾಕಿ ಒಬ್ಬಾಕಿನೂ ಇಲ್ಲ. ಕಲ್ಲು ಒಡಿಯೋರ ಓಣಿಯೊಳಗ ಎಲ್ಲಾರೂ ಜಾತಕ ಬರಸ್ಕೊಂಡು ಕುಂತಾರೇನ್ರೀ?"

ಕಮಿಷನರ್ ಕಾಗದಗಳನ್ನು ಒಂದೊಂದಾಗಿ ತಿರುವಿದರು. ಆಮೇಲೆ ವಿಲಾಸನತ್ತ ತಿರುಗಿ, "ನೀವು ಅಲ್ಲಿಗೆ ಹೋಗಿದ್ರಾ?" ಎಂದು ಕೇಳಿದರು. ವಿಲಾಸ ಮಾವನ ಮುಖ ನೋಡಿದ. ಮಾವ ಕಿಟಕಿ ನೋಡಿದರು. ಕಮಿಷನರ್ ಪೆನ್ನಿಗೆ ಟೊಪ್ಪಿಗೆ ಹಾಕಿ ಎದ್ದರು.

ಬೇರೆಯವರಿಂದ ಹೊಸದಾಗಿ ಸಮೀಕ್ಷೆ ಆಯಿತು. ಕೆಲವರು ಹೋಗುತ್ತೇವೆ ಎಂದರು, ಬಹಳ ಮಂದಿ ಒಲ್ಲೆ ಎಂದರು. ಓಣಿ ಅಲ್ಲೇ ಉಳಿಯಿತು. ಜೂನ್ ಬಂತು, ಇಂದುಮತಿಯವರಿಗೆ ಸಹಿ ಬರಲಿಲ್ಲ. ಆಕೆ ಹೋದರು. ನನ್ನನ್ನು "ಕೆಟ್ಟಿದೆ" ಎಂದು ಬರೆದು ಉಗ್ರಾಣಕ್ಕೆ ತಳ್ಳಿದರು.

ಆ ಕತ್ತಲೆಯ ವರ್ಷಗಳನ್ನು ಏನೆಂದು ಹೇಳಲಿ! ಇಲಿಗಳು, ಗೆದ್ದಲು, ಆಗೊಮ್ಮೆ ಈಗೊಮ್ಮೆ ಹೊರಗೆ ಹಳೆಯ ಸಾಮಾನು ಹರಾಜು ಹಾಕುವ ಲಿಲಾವಿನ ಗದ್ದಲ. ತಕ್ಕಡಿಯ ಸರಪಳಿ ಸದ್ದಾದರೆ ಜೀವ ಬಾಯಿಗೆ ಬರುತ್ತಿತ್ತು. ಅದಕ್ಕಿಂತ ಹೆಚ್ಚು ಸುಟ್ಟದ್ದು ಆ "ಖಟಕ್". ಆಕೆಯ ಅನ್ನ ಹೋದದ್ದು ನನ್ನಿಂದ, ನಾನು ನಿಂತದ್ದರಿಂದ. ಬೇರೇನೂ ಯೋಚನೆ ಬರುತ್ತಿರಲಿಲ್ಲ.

ಒಂದು ಲಿಲಾವಿನಲ್ಲಿ ನನ್ನನ್ನೂ ಎತ್ತಿ ಹೊರಗಿಟ್ಟರು. ಗುಜರಿಯವನ ಕೈ ನನ್ನ ಮೇಲೆ ಬಿದ್ದೇ ಬಿಟ್ಟಿತ್ತು. ಅಷ್ಟರಲ್ಲಿ "ಅದನ್ನ ನಾ ತೊಗೋತೀನಿ" ಎಂದ ಹುಸೇನಸಾಬ. ಗೋಣಿಚೀಲದಲ್ಲಿ ಸುತ್ತಿ ಬಸ್ಸು ಹತ್ತಿಸಿ ಬೇರೊಂದು ಊರಿಗೆ ಒಯ್ದ. ಚೀಲ ಬಿಚ್ಚಿದ ಬೆರಳಿನ ಮೇಲೆ ಮಸಿ ಇತ್ತು. ಇಂದುಮತಿಯವರ ತಮ್ಮನ ಓದು ನಿಂತು ಅವನು ಅಂಗಡಿಯ ಕೆಲಸಕ್ಕೆ ಸೇರಿದ ಮೇಲೆ, ಎಲ್ಲೆಲ್ಲೋ ಮನೆಪಾಠ ಹೇಳಿ, ಕಡೆಗೆ ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಆಕೆಗೆ ಕಾಯಂ ಕೆಲಸ ಸಿಕ್ಕಿತ್ತಂತೆ.

ಅಲ್ಲಿ ಆಕೆ ಪ್ರೊಫೆಸರ್ ಆದರು. ಮನೆ ಆರಿಸುವುದು ಹೇಗೆ, ಉತ್ತರವನ್ನು ಅನುಮಾನಿಸುವುದು ಹೇಗೆ ಎಂದು ಎಷ್ಟೋ ಮಕ್ಕಳಿಗೆ ಕಲಿಸಿದರು. ಅಂಗೈಯಗಲದ ಕ್ಯಾಲ್ಕುಲೇಟರುಗಳು ಬಂದವು, ಕಂಪ್ಯೂಟರು ಬಂತು. ನಾನು ಅವರ ಮೇಜಿನ ಮೇಲೆ ಮೂಕನಾಗಿ ಕೂತೆ. ನನ್ನನ್ನು ರಿಪೇರಿ ಮಾಡಿಸಲೇ ಇಲ್ಲ. ನನ್ನ ತಪ್ಪನ್ನು ನನಗೇ ದಿನಾ ತೋರಿಸಲು ಹೀಗಿಟ್ಟಿದ್ದಾರೆ ಎಂದು ಅಳುಕುತ್ತಲೇ ಇದ್ದೆ.

ನಿವೃತ್ತಿಯ ದಿನ ಸಹೋದ್ಯೋಗಿಯೊಬ್ಬರು ನನ್ನ ಧೂಳು ಒರೆಸುತ್ತ, "ಮೇಡಂ, ಇದನ್ನ ಸರಿ ಮಾಡಿಸಿ ಗಾಜಿನ ಪೆಟ್ಟಿಗೆಯಲ್ಲಿ ಇಡೋಣ" ಎಂದರು.

"ಮುಟ್ಟಬ್ಯಾಡ್ರಿ" ಎಂದರು ಇಂದುಮತಿ. "ಅವತ್ತು ಇದು ನಡದಿದ್ರ ನಾ ಇದರ ಹಿಂದ ಅಡಗಿ ಕೂಡ್ತಿದ್ದೆ. ಅವರು ಯಂತ್ರ ಸುಳ್ಳು ಅಂತಿದ್ರು, ನಾ ಸುಮ್ಮನಿರ್ತಿದ್ದೆ. ಇದು ನಿಂತದ್ದಕ್ಕ ನಾ ಬಾಯಿ ಬಿಟ್ಟೆ."

"ಹೆದರಿಕೆ ಆಗಲಿಲ್ವಾ ಮೇಡಂ?"

"ಆಗಿತ್ತಲ್ಲ! ಇನ್ನೂ ಹೋಗಿಲ್ಲ."

ಈಗ ನಾನು ಆಕೆಯ ಮನೆಯ ಕಿಟಕಿಯ ಪಕ್ಕ ಇದ್ದೇನೆ. ಬೀದಿಯಲ್ಲಿ ಗುಜರಿಯವನು ಕೂಗಿದರೆ ಇವತ್ತಿಗೂ ನಡುಗುತ್ತೇನೆ. ಆಕೆಯೂ ಪತ್ರಿಕೆಯಲ್ಲಿ ಯಾವುದಾದರೂ ಓಣಿಯ ಸುದ್ದಿ ಬಂದರೆ, ಓದುವ ಮೊದಲು ನನ್ನ ಹಿಡಿಕೆ ಹಿಡಿದುಕೊಳ್ಳುತ್ತಾರೆ. ಬದುಕಿನುದ್ದಕ್ಕೂ ನಾನು ಕೊಟ್ಟ ಸರಿಯುತ್ತರಗಳು ಎಷ್ಟೋ. ಆಕೆಗೆ ಕೆಲಸಕ್ಕೆ ಬಂದದ್ದು, ನಾನು ಕೊಡದೇ ಹೋದ ಒಂದು.