ಬೆರಳಲ್ಲಿ ಎತ್ತಿದ ಚಕ್ರ

ಶಾಶೇರ್ ಹಳ್ಳಿಯಿಂದ ತಿಸ್ಸಾ ನದಿಯ ಏರಿಯ ಪಕ್ಕದಲ್ಲಿ ಹೋಗುವ ರಸ್ತೆಗೆ ಹೇಳುವವರಿಲ್ಲ, ಕೇಳುವವರಿಲ್ಲ. ಪ್ರತಿ ಚಳಿಗಾಲವೂ ಮಂಜುಗಡ್ಡೆ ಅದನ್ನು ಸೀಳುತ್ತದೆ. ಪ್ರತಿ ವಸಂತದಲ್ಲೂ ಯಾರೋ ಬಂದು ಅಳತೆ ಮಾಡಿಕೊಂಡು ಹೋಗುತ್ತಾರೆ. ಗುಂಡಿ ಮಾತ್ರ ಅಲ್ಲೇ ಇರುತ್ತದೆ. ಬಸ್ಸು ದಿನಕ್ಕೆ ಎರಡೇ ಆದ್ದರಿಂದ ಕೆಲಸಕ್ಕೆ ಹೋಗುವವರಿಗೆ ಸೈಕಲ್ಲೇ ಗತಿ.

ವಿಲ್ಮಾಳ ಕೆಲಸ ಒಂಟಿ ಮುದುಕರ ಆರೈಕೆ. ಹೊಲಗಳ ನಡುವೆ ದೂರ ದೂರ ಇರುವ ಐದು ಮನೆಗಳಿಗೆ ದಿನಾ ಬೆಳಿಗ್ಗೆ ಹೋಗಿ, ಒಲೆ ಹಚ್ಚಿ, ಮಾತ್ರೆ ಕೊಟ್ಟು, ಸೂಪು ಬಿಸಿ ಮಾಡಿಟ್ಟು ಬರಬೇಕು. ಮೊದಲ ಮನೆ ಅಂಬ್ರುಶ್ ತಾತನದು, ಒಂಬತ್ತು ಕಿಲೋಮೀಟರ್ ದೂರ. ತಾತನಿಗೆ ಎಂಬತ್ತೇಳು ವರ್ಷ, ಮೊಣಕಾಲಿಗೆ ಬಲವಿಲ್ಲ, ಕಿವಿಯೂ ಮಂದ. ಏಳೂವರೆಗೆ ಅವಳು ಬಂದರೇನೇ ಅವನ ಮನೆ ಬೆಚ್ಚಗಾಗುತ್ತಿತ್ತು.

ಬೇಸಿಗೆಯಲ್ಲಿ ಗಂಡ ದೆಜೋ ಅವಳಿಗೊಂದು ರೋಡ್ ಬೈಕ್, ಅಂದರೆ ಹಗುರವಾದ ರೇಸ್ ಸೈಕಲ್ಲು, ತಂದುಕೊಟ್ಟ. ಯಾರೋ ರೇಸಿನವನು ಓಡಿಸಿ ಮಾರಿದ್ದು. ಅಂಗಳದಲ್ಲಿ ಹಿಂದಿನ ಚಕ್ರ ಬಿಚ್ಚಿ, ಒಂದೇ ಬೆರಳಲ್ಲಿ ಎತ್ತಿ ತೋರಿಸಿದ. ನಮ್ಮ ಕಡೆಯ ಗಂಡಸರು ಚಕ್ರ ಕೊಳ್ಳುವುದೇ ಹೀಗೆ, ಕಲ್ಲಂಗಡಿಯನ್ನು ತಟ್ಟಿ ನೋಡಿ ಕೊಂಡ ಹಾಗೆ.

ಪಕ್ಕದ ಮನೆಯ ಪಿರೋಷ್ಕಾ ಬೇಲಿಯಾಚೆ ನಿಂತು ನೋಡುತ್ತಿದ್ದಳು. ಮೂವತ್ತೊಂದು ವರ್ಷ ಇದೇ ರಸ್ತೆಯಲ್ಲಿ ಸೈಕಲ್ ತುಳಿದು ಅಂಚೆ ಹಂಚಿದವಳು, ತನ್ನ ಚಕ್ರಗಳನ್ನು ತಾನೇ ಕಟ್ಟಿಕೊಂಡವಳು.

"ಚಕ್ರಕ್ಕೆ ಕಡ್ಡಿ ಎಷ್ಟಿವೆ, ಎಣಿಸಿದ್ಯಾ?" ಎಂದು ಕೇಳಿದಳು.

"ಇಪ್ಪತ್ತು. ಕಡ್ಡಿ ಕಮ್ಮಿ ಇದ್ರೇನೇ ಹಗುರ, ಅಕ್ಕ. ನಿನ್ನ ಅಂಚೆ ಸೈಕಲ್ ಥರ ಎಮ್ಮೆ ಅಲ್ಲ ಇದು."

"ಎಮ್ಮೆ ಮಳೇಲೂ ಮನೆಗೆ ಬರುತ್ತೆ, ಮಾರಾಯ. ಇವಳ ಹಿಂದೆ ಮುದುಕರ ಸಾಮಾನಿನ ಹದಿನೈದು ಕೆಜಿ ಚೀಲ ಇರುತ್ತೆ. ಇಪ್ಪತ್ತರಲ್ಲಿ ಒಂದು ಮುರಿದ್ರೆ ಚಕ್ರ ಸೊಟ್ಟಗಾಗಿ ಬ್ರೇಕಿಗೆ ಸಿಕ್ಕಾಕೊಳ್ಳುತ್ತೆ. ಮೂವತ್ತಾರಿದ್ರೆ ಒಂದು ಹೋದ್ರೂ ನಿಧಾನಕ್ಕೆ ಮನೆ ಸೇರ್ಕೋಬಹುದು."

ಮುದುಕಿಗೆ ಹೊಟ್ಟೆಕಿಚ್ಚು ಎಂದು ದೆಜೋ ಆಮೇಲೆ ನಕ್ಕ. ನಿಜ ಹೇಳಬೇಕೆಂದರೆ ವಿಲ್ಮಾಳಿಗೂ ಆ ಸೈಕಲ್ ಇಷ್ಟವಾಗಿತ್ತು, ಏರಿಯ ಪಕ್ಕದಲ್ಲಿ ಗಾಳಿಯಂತೆ ಓಡುತ್ತಿತ್ತು. ಅಕ್ಟೋಬರಿನಲ್ಲಿ ಒಂದು ಕಡ್ಡಿ ಮುರಿಯಿತು. ದೆಜೋ ಬೇರೆ ಹಾಕಿಸಿದ. ಒಂದು ಮುರಿದಿದೆ ಎಂದರೆ ಉಳಿದವೂ ದಣಿದಿವೆ, ಚಕ್ರವನ್ನೇ ಬದಲಿಸಿ ಎಂದು ಪಿರೋಷ್ಕಾ ಮತ್ತೆ ಹೇಳಿದಳು. ಕ್ರಿಸ್ಮಸ್ ಕಳೆಯಲಿ, ನೋಡೋಣ ಎಂದವಳು ವಿಲ್ಮಾಳೇ.

ನವೆಂಬರಿನ ಕೊನೆಯ ವಾರ, ರೈಲು ಹಳಿ ದಾಟುವಾಗ ಟಣ್ ಟಣ್ ಎಂದು ಎರಡು ಕಡ್ಡಿ ಹೋದವು. ಹಿಂದಿನ ಚಕ್ರ ಹಪ್ಪಳದಂತೆ ತಿರುಚಿಕೊಂಡು ನಿಂತುಬಿಟ್ಟಿತು. ವಿಲ್ಮಾಳಿಗೆ ಅಂಗೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ತಾತನಿಗೆ ಫೋನ್ ಮಾಡಿದಳು, ಅವನಿಗೆ ಕೇಳಿಸಲಿಲ್ಲ. ಸೈಕಲ್ಲನ್ನು ಅಲ್ಲೇ ಬಿಟ್ಟು, ಚೀಲ ಹೆಗಲಿಗೇರಿಸಿ ಉಳಿದ ಆರು ಕಿಲೋಮೀಟರ್ ನಡೆದಳು. ಬೀಳುತ್ತಿದ್ದುದು ಅರ್ಧ ಮಳೆ, ಅರ್ಧ ಹಿಮ.

ಅಂಬ್ರುಶ್ ತಾತ ಸೌದೆ ಕೊಟ್ಟಿಗೆಯ ಮುಂದೆ ಕೆಸರಿನಲ್ಲಿ ಬಿದ್ದಿದ್ದ. ಒಂದು ಕಾಲಲ್ಲಿ ಮಾತ್ರ ಚಪ್ಪಲಿ ಇತ್ತು. ಎರಡು ಕೊರಡುಗಳನ್ನು ಎದೆಗೆ ಅವಚಿಕೊಂಡಿದ್ದ.

"ನೀನು ನೆನ್ಕೊಂಡು ಬರ್ತೀಯ, ಒಲೆ ಹಚ್ಚಿಡೋಣ ಅಂತ ಬಂದೆ, ಮಗಳೇ" ಎಂದ.

ಆರನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡ.

ತಪ್ಪು ರಸ್ತೆಯದು ಎಂದು ಊರವರೆಲ್ಲ ಸಮಾಧಾನ ಹೇಳಿದರು. ರಸ್ತೆ ಹೇಗಿದೆ ಎಂಬುದು ವಿಲ್ಮಾಳಿಗೆ ಮೊದಲೇ ಗೊತ್ತಿತ್ತಲ್ಲ, ಆ ಸಮಾಧಾನ ಅವಳ ಮನಸ್ಸಿಗೆ ಇಳಿಯಲಿಲ್ಲ. ತಾತನನ್ನು ಮಣ್ಣು ಮಾಡಿ ಬಂದ ಮೂರನೆಯ ದಿನ ದೆಜೋ ಟೋಪಿ ಕೈಯಲ್ಲಿ ಹಿಡಿದು ಪಿರೋಷ್ಕಾಳ ಬಾಗಿಲಿಗೆ ಹೋದ, ಹಿಂದೆಯೇ ವಿಲ್ಮಾಳೂ ಹೋದಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

"ಹೇಳು ಅಕ್ಕ. ಈ ಸಲ ಕೇಳ್ತೀನಿ" ಎಂದ ದೆಜೋ.

ಪಿರೋಷ್ಕಾ ಬೈಯಲಿಲ್ಲ. ಕೂರಿಸಿಕೊಂಡು ಹೇಳಿದಳು. ಮುಂದಿನ ಚಕ್ರಕ್ಕೆ ಮೂವತ್ತೆರಡು ಕಡ್ಡಿ, ಭಾರ ಬೀಳುವ ಹಿಂದಿನದಕ್ಕೆ ಮೂವತ್ತಾರು. ಕಡ್ಡಿ ಯಾವ ಅಂಗಡಿಯಲ್ಲೂ ಸಿಗುವ ಸಾದಾ ಉಕ್ಕಿನದಿರಲಿ. ಟೈರು ಸೈಕಲ್ಲಿಗೆ ಹಿಡಿಸುವಷ್ಟು ಅಗಲದ್ದು ಹಾಕಿ, ಆದರೆ ಅದರ ಸುತ್ತ ಪೆನ್ಸಿಲ್ ತೂರುವಷ್ಟು ಸಂದು ಉಳಿಯಬೇಕು. ಬ್ರೇಕು ರಿಮ್ಮನ್ನೇ ಹಿಡಿಯುವಂಥದ್ದಾದರೆ ತಿಂಗಳಿಗೊಮ್ಮೆ ರಿಮ್ಮಿನ ಪಕ್ಕಕ್ಕೆ ಅಳತೆಪಟ್ಟಿ ಇಟ್ಟು ನೋಡಿ. ಸವೆದು ಒಳಗೆ ತಗ್ಗಾಗಿದ್ದರೆ ಅದು ಯಾವತ್ತಾದರೂ ಒಡೆಯುತ್ತದೆ. ಹೊಸ ಚಕ್ರವನ್ನು ಮೊದಲ ಕೆಲವು ವಾರ ಓಡಿಸಿದ ಮೇಲೆ ಒಯ್ದು ಕಡ್ಡಿಗಳನ್ನು ಬಿಗಿ ಮಾಡಿಸಿ.

ಅಂಗಡಿಯಲ್ಲಿ ದೆಜೋನ ಬೆರಳು ಅಭ್ಯಾಸದಿಂದ ಚಕ್ರದ ಕೆಳಗೆ ಹೋಯಿತು. ಸಟ್ಟನೆ ಹಿಂದೆಗೆದುಕೊಂಡ. ಒಂದೊಂದೇ ಕಡ್ಡಿ ಮುಟ್ಟಿ ಮೂವತ್ತಾರರವರೆಗೂ ಎಣಿಸಿದ. ಅವನ ಕಣ್ಣು ತುಂಬಿದ್ದನ್ನು ಕಂಡು ವಿಲ್ಮಾ ಮುಖ ಆಚೆ ತಿರುಗಿಸಿಕೊಂಡಳು.

ಕೆಲಸಕ್ಕೆ ಸೈಕಲ್ ತುಳಿಯುವ ಅಕ್ಕಂದಿರೇ, ಅಣ್ಣಂದಿರೇ, ಇವತ್ತೇ ನಿಮ್ಮ ಚಕ್ರವನ್ನು ತಿರುಗಿಸಿ ನೋಡಿ. ಅದು ಅಲುಗಿದರೆ, ಕಡ್ಡಿ ಸಡಿಲವಿದ್ದರೆ, ಹಬ್ಬ ಕಳೆಯಲಿ ಎನ್ನಬೇಡಿ. ಹಗುರ ಚಕ್ರ ನಿಮ್ಮನ್ನು ಒಂದೆರಡು ನಿಮಿಷ ಬೇಗ ಮುಟ್ಟಿಸೀತು. ಗಟ್ಟಿ ಚಕ್ರ ದಿನಾ ಮುಟ್ಟಿಸುತ್ತದೆ. ನಿಮ್ಮ ದಾರಿಯ ಕೊನೆಯಲ್ಲೂ ಯಾರೋ ಕಾಯುತ್ತಿರುತ್ತಾರೆ. ಅವರು ಕಾದು ಕಾದು ತಾವೇ ಎದ್ದು ಹೊರಗೆ ಬರುವ ಮೊದಲು ತಲುಪಿ.