ಹೊಟ್ಟೆ ಸೀಳಿದ ಧಕಾರ

ದಪ್ಪಕ್ಕ ನೋಡಲು ಕಡ್ಡಿಯಂತಿದ್ದಳು. ದಪ್ಪ ಇದ್ದದ್ದು ಅವಳ ಅಕ್ಷರ. ಮೂರು ವರ್ಷ ಕಂಪ್ಯೂಟರಿನ ಮುಂದೆ ಕೂತು, ಫಲಕಗಳಿಗೆಂದೇ ಒಂದು ಫಾಂಟ್ ಮಾಡಿದ್ದಳು: ತುಂಬು ಮೈ, ಗೆರೆಗಳ ತುದಿಗೆ ಪುಟ್ಟ ಪಾದ, ರಸ್ತೆಯಾಚೆಗೂ ಕಾಣುವ ಗತ್ತು. ಮೊದಲ ಫಲಕ ಒಪ್ಪಿಗೆಯಾದರೆ ಹೊಸ ಗ್ರಂಥಾಲಯಕ್ಕೆಲ್ಲ ಅದನ್ನೇ ಹಾಕಿಸುವುದಾಗಿ ಗ್ರಂಥಪಾಲಕರು ಮಾತು ಕೊಟ್ಟಿದ್ದರು. ಅಲ್ಲಿಯವರೆಗೆ ಅವಳ ಅಕ್ಷರವನ್ನು ಯಾರೂ ಮೂಸಿಯೂ ನೋಡಿರಲಿಲ್ಲ. ಇದೂ ಕೈತಪ್ಪಿದರೆ ಫಾಂಟಿನ ಸಹವಾಸವೇ ಸಾಕೆಂದು ತೀರ್ಮಾನಿಸಿದ್ದಳು.

ಫಲಕವೇನೋ ಏರಿತು. ‘ಮಧ್ಯ ದ್ವಾರ’ ಎಂದಿರಬೇಕಿತ್ತು. ಕಂಪ್ಯೂಟರಿನಲ್ಲಿ ಮೂಗು ತಾಗಿಸಿ ನೋಡಿದಾಗ ಧಕಾರದ ಹೊಟ್ಟೆಯ ಸೀಳು ಕೂದಲೆಳೆಯಷ್ಟಾದರೂ ಇತ್ತು. ಬಯಲಿಗೆ ಬಂದದ್ದೇ ಕೊಬ್ಬಿನಲ್ಲಿ ಮುಚ್ಚಿಹೋಯಿತು. ರಸ್ತೆಯವರಿಗೆ ಕಂಡದ್ದು ‘ಮದ್ಯ ದ್ವಾರ’. ಹತ್ತು ಗಂಟೆಯೊಳಗೆ ಇಬ್ಬರು ಬಂದು ಬಾಟಲಿ ಯಾವ ಕಪಾಟಿನಲ್ಲಿದೆ ಎಂದು ವಿಚಾರಿಸಿದರಂತೆ.

“ಏನಮ್ಮಾ, ಜನಕ್ಕೆ ಓದಿಸೋಣ ಅಂದ್ರೆ ಕುಡಿಸೋಕೆ ಹೊರಟಿದ್ದೀರಲ್ಲ!” ಗ್ರಂಥಪಾಲಕರು ನಕ್ಕರು. ಆಮೇಲೆ ನಗು ನಿಲ್ಲಿಸಿದರು. “ಶುಕ್ರವಾರದೊಳಗೆ ಸರಿಮಾಡಿ. ಇಲ್ಲಾಂದ್ರೆ ಬೇರೆ ಅಕ್ಷರ ಹಾಕಿಸ್ತೀನಿ.”

ದಪ್ಪಕ್ಕನ ಮುಖ ಸಪ್ಪಗಾಯಿತು. ಮನೆಗೆ ಬಂದು ಎರಡು ದಿನ ತಿಣುಕಾಡಿದಳು. ಅಕ್ಷರ ತೆಳ್ಳಗೆ ಮಾಡಿದರೆ ಸೀಳು ಕಾಣುತ್ತಿತ್ತು, ಆದರೆ ಗತ್ತೆಲ್ಲ ಇಳಿದು ಪಥ್ಯದ ರೋಗಿಯ ಹಾಗೆ ನಿಲ್ಲುತ್ತಿತ್ತು. ಸಿಟ್ಟಿಗೆ ಅಳುವೇ ಬಂತು.

ಪಕ್ಕದ ಕೋಣೆಯಲ್ಲಿ ಅವಳ ಅಮ್ಮ ಉಣ್ಣೆ ಕೋಟಿಗೆ ಕಾಜಾ ಹೊಲಿಯುತ್ತಿದ್ದಳು. ನಲವತ್ತು ವರ್ಷ ಹೊಲಿಗೆಯಲ್ಲೇ ಪಳಗಿದ ಕೈ. ಮಗಳು ದಪ್ಪ ಧಕಾರ ಅಚ್ಚು ಹಾಕಿ ತಂದ ಹಾಳೆಯನ್ನು ಕನ್ನಡಕ ಏರಿಸಿ ನೋಡಿದಳು.

“ತೆಳ್ಳಗಿದ್ದಾಗ ಇದಕ್ಕೆಷ್ಟು ಸೀಳಿತ್ತು?”

“ಇಷ್ಟೇ. ಸುತ್ತ ದಪ್ಪ ಮಾಡ್ದೆ, ಸೀಳಿನ ಅಳತೆ ಮುಟ್ಟಿಲ್ಲ.”

“ಅಯ್ಯೋ ಪೆದ್ದೀ! ಅಂಗಿ ಕಾಜಾ ಕೋಟಿಗೆ ಹಾಕಿದ್ರೆ ಗುಂಡಿ ತೂರುತ್ತಾ? ಬಟ್ಟೆ ದಪ್ಪ ಆದ್ರೆ ಕಾಜಾನೂ ದೊಡ್ಡದಾಗಿ ಕತ್ತರಿಸ್ಬೇಕು ಕಣೇ. ನೀನು ಕತ್ತರಿ ಹಾಕೋಕೆ ಹೆದರ್ತಿದ್ದೀಯ.”

ಹೆದರಿದ್ದು ನಿಜ. ಮೂರು ವರ್ಷ ಮುದ್ದು ಮಾಡಿ ಬೆಳೆಸಿದ್ದಕ್ಕೆ ಕತ್ತರಿ ಹಾಕಲು ಅವಳಿಗೆ ಕೈ ಬಂದಿರಲಿಲ್ಲ. ಈಗ ಹಾಕಿದಳು. ಧ, ಢ, ಭ, ಫ, ಒಂದನ್ನೂ ಬಿಡದೆ ಧಾರಾಳವಾಗಿ ಹೊಟ್ಟೆ ಸೀಳಿದಳು. ಮೈಯ ಒಂದು ಗುಲಗಂಜಿಯೂ ಕರಗಲಿಲ್ಲ, ಗತ್ತು ಇನ್ನಷ್ಟು ಏರಿತು.

ಶುಕ್ರವಾರ ಬೆಳಿಗ್ಗೆ ಹೊಸ ಫಲಕ ಏರಿತು. ಗ್ರಂಥಪಾಲಕರು ರಸ್ತೆ ದಾಟಿ ಆಚೆ ನಿಂತು, ಒಂದು ಕಣ್ಣು ಮುಚ್ಚಿ ನೋಡಿದರು. ದಪ್ಪಕ್ಕ ಫಲಕದ ಕೆಳಗೆ ನಿಂತು ಅವರ ಬಾಯನ್ನೇ ನೋಡುತ್ತಿದ್ದಳು. “ಮಧ್ಯ ದ್ವಾರ!” ಧಕಾರಕ್ಕೆ ಸಲ್ಲಬೇಕಾದ ಉಸಿರನ್ನೆಲ್ಲ ಕೊಟ್ಟು ಅವರು ಕೂಗಿದರು. ವಾಪಸು ಬಂದವರೇ ಜೇಬಿನಿಂದ ಪಟ್ಟಿ ತೆಗೆದರು. “ಇನ್ನೂ ನಲವತ್ತೆರಡು ಫಲಕ ಇವೆ. ಮೊದಲು ‘ಮಕ್ಕಳ ವಿಭಾಗ’. ಅಲ್ಲೊಂದು ಭ ಇದೆ, ಹುಷಾರು.”

“ಅದರ ಹೊಟ್ಟೆ ಆಗ್ಲೇ ಸೀಳಿದ್ದೀನಿ ಸಾರ್,” ಎಂದಳು. ಖುಷಿಗೆ ಕಣ್ಣು ತುಂಬಿ ಫಲಕ ಮಸುಕಾಯಿತು. ಆದರೂ ಧಕಾರ ಧಕಾರವಾಗಿಯೇ ಕಾಣುತ್ತಿತ್ತು.