ನೂರಾ ಮೂವತ್ತು, ಎಂಬತ್ತು

"ಅಮ್ಮನ ತೋಳು ಮಡಚ್ತಾನೇ ಇಲ್ಲ. ಕೋಟನ್ನ ಬೆನ್ನ ಕಡೆ ಕತ್ತರಿಸಿಬಿಡೋಣ್ವಾ?" ಎಂದಳು ಮಗಳು.

"ಬೇಡ ಅಕ್ಕಾ. ಬಿಡಿ, ನಾನು ನೋಡ್ತೀನಿ."

ತರಬೇತಿಯ ಹುಡುಗಿ ಬಿಳಿ ಕೋಟಿನ ತೋಳನ್ನು ಸುರುಳಿ ಸುತ್ತಿ, ಅದರೊಳಗೆ ತನ್ನ ಕೈ ತೂರಿಸಿ, ನರ್ಸಮ್ಮನ ತಣ್ಣನೆಯ ಬೆರಳು ಹಿಡಿದು ಹೊರಗೆಳೆದಳು. ಆಸ್ಪತ್ರೆಯ ವಾರ್ಡಿನಲ್ಲಿ ವರ್ಷಗಟ್ಟಲೆ ಮಾಡಿದ ಕೆಲಸ. ಕೋಟು ಮೊಣಕೈ ದಾಟಿದಾಗ ಮಾತ್ರ ಅವಳ ಕೈ ನಿಂತುಹೋಯಿತು. ಈ ಎಡತೋಳಿಗೇ ಅವಳು ಬಿಪಿ ಪಟ್ಟಿ ಸುತ್ತಿ ಸುತ್ತಿ ಕಲಿತದ್ದು.

ನರ್ಸಮ್ಮ ಮೊನ್ನೆ ಶಾಲೆಯಲ್ಲಿ ಒಬ್ಬ ವಿದ್ಯಾರ್ಥಿನಿಯ ತಲೆಯ ಹೇನು ನೋಡುತ್ತಾ ಕುಳಿತಲ್ಲೇ ಗೋಡೆಗೆ ಒರಗಿದ್ದರು. ಮೆದುಳಿನಲ್ಲಿ ರಕ್ತನಾಳ ಒಡೆದಿದೆ ಎಂದರು ಡಾಕ್ಟರು. ನಿನ್ನೆ ರಾತ್ರಿ ಉಸಿರು ನಿಂತಿತು.

ಹೊರಗಿನ ಪಡಸಾಲೆಯಲ್ಲಿ ಶಾಲೆಯವರ ಮಾತು ಕೇಳುತ್ತಿತ್ತು.

"ನನ್ನ ಪೀರಿಯಡ್ ಬಂದ್ರೆ ಸಾಕು, ಅರ್ಧ ಕ್ಲಾಸಿಗೆ ಹೊಟ್ಟೆನೋವು," ಎನ್ನುತ್ತಿದ್ದರು ಗಣಿತದ ಮೇಷ್ಟ್ರು. "ನಮ್ಮ ನರ್ಸಮ್ಮ, ಮಕ್ಕಳ ಸೂಜಿಯಮ್ಮ, ಮೊದಲು ಟೈಮ್‌ಟೇಬಲ್ ನೋಡೋರು, ಆಮೇಲೆ ನಾಲಿಗೆ ನೋಡೋರು."

"ನಿಮ್ಮ ಮುಖ ನೋಡಿದ್ರೆ ನನಗೂ ಹೊಟ್ಟೆನೋವು ಬರುತ್ತೆ ಬಿಡಿ ಸಾರ್," ಎಂದ ಗಂಟೆ ಹೊಡೆಯುವವನು. ಯಾರೋ ನಕ್ಕು, ನಕ್ಕಿದ್ದಕ್ಕೆ ನಾಚಿ ಕೆಮ್ಮಿದರು.

ಆ ಕೆಮ್ಮಿನ ನಡುವೆ ನರ್ಸಮ್ಮನ ಗಂಡನ ದನಿ ಮತ್ತೆ ಶುರುವಾಯಿತು. ಬೆಳಗಿನಿಂದ ಅದೇ ಮಾತು.

"'ತಲೆ ಸಿಡೀತಿದೆ, ಇವತ್ತು ರಜೆ ಹಾಕ್ಲಾ' ಅಂದ್ಲು. 'ನಾಟಕ ಮಾಡ್ಬೇಡ, ಹೋಗು' ಅಂದೆ. ನಾನೇ ಕಳಿಸಿದೆ. ಕೈಯಾರೆ ಕೊಂದೆ."

ಹುಡುಗಿ ಕೋಟಿನ ಗುಂಡಿ ಹಾಕುತ್ತಿದ್ದಳು. ಒಂದು ಗುಂಡಿ ಬೇರೆ ತೂತಿಗೆ ಹೋಯಿತು.

*

ವಾರ್ಡಿನಲ್ಲಿ ಗುಂಡಿ ಒತ್ತಿದರೆ ಮೆಷಿನ್ನೇ ಬಿಪಿ ತೋರಿಸುತ್ತಿತ್ತು. ಶಾಲಾ ನರ್ಸಿನ ತರಬೇತಿಗೆ ಬಂದ ಮೇಲೆ ಹುಡುಗಿಗೆ ಸಿಕ್ಕಿದ್ದು ಗಾಳಿ ಹಿಚುಕುವ ಹಳೆಯ ಮುಳ್ಳಿನ ಮೆಷಿನ್. ಗಾಳಿ ಬಿಡುತ್ತಾ ಹೋದಂತೆ ಸ್ಟೆಥಾಸ್ಕೋಪಿನಲ್ಲಿ ಮೊದಲ ಬಡಿತ ಕೇಳಿದಾಗ ಮುಳ್ಳು ಎಲ್ಲಿದೆಯೋ ಅದು ಮೇಲಿನ ಅಂಕಿ, ಬಡಿತ ನಿಂತಾಗ ಎಲ್ಲಿದೆಯೋ ಅದು ಕೆಳಗಿನದು. ಅವಳಿಗೆ ಮೊದಮೊದಲು ಏನೂ ಕೇಳುತ್ತಿರಲಿಲ್ಲ.

"ಕಿವಿಯಲ್ಲಿ ಹತ್ತಿ ಇಟ್ಕೊಂಡಿದ್ಯೇನೇ? ಮಾಡು, ಮತ್ತೆ ಮಾಡು. ಈ ತೋಳೇನು ಬಾಡಿಗೆಗೆ ತಂದಿದ್ದಲ್ಲ," ಎಂದು ನರ್ಸಮ್ಮ ತೋಳು ಚಾಚುತ್ತಿದ್ದರು. ತರಬೇತಿಗೆ ಬಂದವರೆಲ್ಲ ಕಲಿತದ್ದು ಆ ತೋಳಿನ ಮೇಲೆಯೇ. ಅದರ ಬಿಪಿ ಯಾವಾಗಲೂ ನೂರಾ ಮೂವತ್ತು, ಎಂಬತ್ತು. ಅದು ಬಂದರೆ ಸರಿಯಾಗಿ ಕಲಿತಂತೆ.

ಪರೀಕ್ಷೆಯ ದಿನವೂ ರೋಗಿಯ ಕುರ್ಚಿಯಲ್ಲಿ ನರ್ಸಮ್ಮನೇ ಕುಳಿತರು. ಪರೀಕ್ಷಕಿ ಪಕ್ಕದಲ್ಲಿ ನಿಂತರು. ಹುಡುಗಿ ಒಮ್ಮೆ ಫೇಲಾಗಿದ್ದಳು. ಇನ್ನೊಮ್ಮೆ ಆದರೆ ವಾಪಸ್ ವಾರ್ಡಿಗೆ. ಅವಳು ಗಾಳಿ ತುಂಬಿ ನಿಧಾನವಾಗಿ ಬಿಟ್ಟಳು. ಮುಳ್ಳು ನೂರಾ ತೊಂಬತ್ತಕ್ಕೆ ಬರುತ್ತಿದ್ದಂತೆ ಬಡಿತ ಶುರುವಾಯಿತು, ಬಾಗಿಲು ತಟ್ಟಿದ ಹಾಗೆ. ಇಷ್ಟು ಬೇಗ ಹೇಗೆ? ಕಿವಿ ಮತ್ತೆ ಕೈಕೊಟ್ಟಿತು ಎಂದುಕೊಂಡಳು. ಮುಳ್ಳು ನೂರಾ ಹತ್ತಕ್ಕೆ ಇಳಿದಾಗ ಬಡಿತ ನಿಂತಿತು.

"ಎಷ್ಟು?" ಎಂದರು ಪರೀಕ್ಷಕಿ.

ಇನ್ನೊಮ್ಮೆ ನೋಡುತ್ತೇನೆ ಎನ್ನಬಹುದಿತ್ತು.

"ನೂರಾ ಮೂವತ್ತು, ಎಂಬತ್ತು."

"ನೋಡಿದ್ರಾ? ಕೊನೆಗೂ ಕಿವಿ ಬಂತು ನನ್ನ ಹುಡುಗಿಗೆ," ಎಂದು ನರ್ಸಮ್ಮ ಹೆಮ್ಮೆಯಿಂದ ತೋಳು ಕೆಳಗಿಳಿಸಿದರು.

*

"ಹೋದ ವಾರವೇ ಡಾಕ್ಟರ ಹತ್ರ ಹೋಗೋಣ ಅಂದಿದ್ದೆ," ಎಂದಳು ಮಗಳು, ಅಮ್ಮನ ತಲೆ ಬಾಚುತ್ತಾ. "'ನನ್ನ ಹುಡುಗಿ ಪರೀಕ್ಷೇಲಿ ಬಿಪಿ ನೋಡಿದಾಳೆ, ಸರಿಯಾಗಿದೆ. ಕನ್ನಡಕ ಬದಲಾಯಿಸಿದ್ರೆ ತಲೆನೋವು ಹೋಗುತ್ತೆ' ಅಂದ್ರು. ಅಷ್ಟು ನಂಬಿಕೆ ನಿಮ್ಮ ಮೇಲೆ."

ಹುಡುಗಿ ಗುಂಡಿಯಿಂದ ಕೈ ತೆಗೆದಳು.

"ಅಕ್ಕಾ, ನಾನು ಹೇಳಿದ ನಂಬರ್ ಸುಳ್ಳು."

ಬಾಚಣಿಗೆ ಕೂದಲಲ್ಲೇ ನಿಂತಿತು.

"ನನಗೆ ಕೇಳಿಸಿದ್ದು ನೂರಾ ತೊಂಬತ್ತು. ಫೇಲ್ ಆಗ್ತೀನಿ ಅಂತ ಮಾಮೂಲಿ ನಂಬರ್ ಹೇಳಿಬಿಟ್ಟೆ."

ಮಗಳು ತಪ್ಪಾಗಿ ಹಾಕಿದ್ದ ಗುಂಡಿ ಬಿಚ್ಚಿ ಸರಿಯಾಗಿ ಹಾಕಿದಳು. ಆಮೇಲೆ ಕೇಳಿದಳು, "ಯಾರಿಗಾದ್ರೂ ಹೇಳಿದ್ಯಾ?" ಅಲ್ಲಿಯವರೆಗಿನ 'ನೀವು' ಹೋಗಿಬಿಟ್ಟಿತ್ತು.

"ಇಲ್ಲ. ಹೇಳ್ತೀನಿ. ಸರ್ಟಿಫಿಕೇಟ್ ವಾಪಸ್ ಕೊಟ್ಟು..."

"ನಿನ್ನ ಸರ್ಟಿಫಿಕೇಟ್ ಕಟ್ಕೊಂಡು ನನಗೇನಾಗ್ಬೇಕು?" ದನಿ ಏರಲಿಲ್ಲ. "ಅಲ್ಲಿ ಅಪ್ಪ ಏನಂತಿದಾರೆ, ಕೇಳಿಸ್ತಿದ್ಯಾ? ಅವರು ನೀರೂ ಮುಟ್ಟಿಲ್ಲ. ಹೋಗಿ ಆ ನಂಬರ್ ಹೇಳು."

"ಯಾವ ನಂಬರ್?"

"ಅಮ್ಮಂಗೆ ಹೇಳಿದ್ಯಲ್ಲ, ಅದೇ. ಎಲ್ಲಾ ಸರಿಯಾಗಿತ್ತು, ಯಾರಿಗೂ ಗೊತ್ತಾಗ್ತಿರಲಿಲ್ಲ ಅನ್ನು."

"ಅಕ್ಕಾ, ನನ್ನ ಕೈಲಿ ಆಗಲ್ಲ. ಮತ್ತೆ ಅದೇ ಸುಳ್ಳು..."

"ಅವತ್ತು ನಿನಗೋಸ್ಕರ ಹೇಳೋಕಾಯ್ತು. ಇವತ್ತು ಅವರಿಗೋಸ್ಕರ ಹೇಳು. ನಾಳೆ ಊರಿಗೆಲ್ಲ ಡಂಗುರ ಹೊಡ್ಕೋ ಹೋಗು."

*

ಮುದುಕರು ಬಾಗಿಲ ಪಕ್ಕದ ಕುರ್ಚಿಯಲ್ಲಿದ್ದರು. ಹುಡುಗಿ ಅವರ ಮುಂದೆ ಮಂಡಿಯೂರಿದಳು. ಹಿಂದೆ ಮಗಳು ನಿಂತಿದ್ದಳು.

"ಅಂಕಲ್, ಅವರ ಬಿಪಿ ನಾನೇ ನೋಡಿದ್ದೆ."

"ಎಷ್ಟಿತ್ತಮ್ಮಾ?"

"ನೂರಾ ಮೂವತ್ತು, ಎಂಬತ್ತು."

"ಅಂದ್ರೆ?"

"ಸರಿಯಾಗಿತ್ತು ಅಂಕಲ್. ರಜೆ ಹಾಕಿದ್ರೂ... ಯಾರಿಗೂ ಗೊತ್ತಾಗ್ತಿರಲಿಲ್ಲ."

ಮುದುಕರು ಅವಳ ತಲೆಯ ಮೇಲೆ ಕೈಯಿಟ್ಟರು. ಕೈ ಭಾರವಾಗಿತ್ತು, ತೆಗೆಯಲೇ ಇಲ್ಲ. ಇನ್ನೊಂದು ಕೈಯನ್ನು ಮಗಳ ಕಡೆ ಚಾಚಿ ನೀರು ಕೇಳಿದರು.

ಶಾಲೆಯ ಹೆಡ್ ಮೇಡಂ ಹೂವು ಹಿಡಿದು ಒಳಗೆ ಬಂದರು. ಮುದುಕರು ಕುರ್ಚಿಯಲ್ಲೇ ಮುಂದಕ್ಕೆ ಬಾಗಿದರು. "ನೂರಾ ಮೂವತ್ತು, ಎಂಬತ್ತು ಇತ್ತಂತೆ ಮೇಡಂ. ಈ ಹುಡುಗೀನೇ ನೋಡಿದ್ದು. ಅಲ್ವೇನಮ್ಮಾ?"

ಹುಡುಗಿ ತಲೆಯಾಡಿಸಿದಳು. ಹೆಡ್ ಮೇಡಂ ಅವಳ ಭುಜ ತಟ್ಟಿದರು. ಹಿಂದೆ ಪಕ್ಕದ ಮನೆಯವರು ಬಂದರು. ಮುದುಕರು ಅವರಿಗೂ ಅದನ್ನೇ ಹೇಳಿದರು, ಅವಳು ಮತ್ತೆ ತಲೆಯಾಡಿಸಿದಳು. ಗಣಿತದ ಮೇಷ್ಟ್ರು ಆ ಅಂಕಿಯನ್ನು ಹೊರಗೆ ನಿಂತವರಿಗೆ ಮುಟ್ಟಿಸಿದರು. ಕೊನೆಯ ಬಾರಿ ನೋಡಲು ಬಂದವರ ಸಾಲು ಮೆಟ್ಟಿಲಿಳಿದು ಬೀದಿಯವರೆಗೂ ಬೆಳೆದಿತ್ತು. ಒಬ್ಬರ ಕಿವಿಯಿಂದ ಇನ್ನೊಬ್ಬರ ಕಿವಿಗೆ ಮಾತು ಹೋದಂತೆ, ತಲೆಗಳು ಒಂದೊಂದಾಗಿ ಅವಳ ಕಡೆ ತಿರುಗುತ್ತಿದ್ದವು.